ಪೈಥಾನ್‌ನ ಥೆಸಾರಸ್ (ಸಮಾನಾರ್ಥಕ ಪದಕೋಶ) ಲೈಬ್ರರಿ ಇದ್ದಕ್ಕಿದ್ದಂತೆ ಖಾಲಿ ಪಟ್ಟಿ ಕೊಡುತ್ತಿದೆ, ಏನು ಮಾಡಲಿ? ಕನ್ನಡಕ್ಕೂ ಇಂಥದ್ದು ಬೇಕು, ಸಿಗುತ್ತದಾ?

ತಪ್ಪು ನಿಮ್ಮ ಕೋಡ್‌ನಲ್ಲಿ ಇರಲಿಕ್ಕಿಲ್ಲ. ನೀವು ಬಳಸುತ್ತಿರುವಂಥ ಸಣ್ಣ ಪೈಥಾನ್ ಲೈಬ್ರರಿಗಳು ಥೆಸಾರಸ್ ಸೈಟಿನ ಪುಟವನ್ನು ತರಿಸಿಕೊಂಡು, ಅದರ ಎಚ್‌ಟಿಎಂಎಲ್ ಒಳಗಿಂದ ಸಮಾನಾರ್ಥಕ ಪದಗಳನ್ನು ಹೆಕ್ಕಿಕೊಡುತ್ತವೆ. ಸೈಟಿನವರು ಒಂದು ಕ್ಲಾಸ್ ಹೆಸರು ಬದಲಿಸಿದರೆ ಸಾಕು, ಕೆಲಸ ಕೆಟ್ಟಿತು. ಪುಟ ಬರುತ್ತದೆ, ಸ್ಟೇಟಸ್ 200 (ಅಂದರೆ ಎಲ್ಲ ಸರಿ) ಅಂತಲೇ ಬರುತ್ತದೆ, ಆದರೆ ಹುಡುಕುವ ಜಾಗದಲ್ಲಿ ಏನೂ ಇರುವುದಿಲ್ಲ, ಲೈಬ್ರರಿ ಎರರ್ ಕೂಡ ಕೊಡದೆ ಸುಮ್ನೆ ಖಾಲಿ ಪಟ್ಟಿ ಕೈಗಿಡುತ್ತದೆ. 'ಸಮಾನಾರ್ಥಕ ಇಲ್ಲ' ಅನ್ನುವುದೇ ಬೇರೆ, 'ಓದಲು ಆಗಲಿಲ್ಲ' ಅನ್ನುವುದೇ ಬೇರೆ ಅಲ್ವಾ? ಇವೆರಡನ್ನೂ ಒಂದೇ ಮಾಡುವ ಲೈಬ್ರರಿಯನ್ನು ದಯವಿಟ್ಟು ಬಿಟ್ಟುಬಿಡಿ.

ಅದರ ಬದಲು ಡೇಟಾಮ್ಯೂಸ್ ಎಪಿಐ ನೋಡಿ, ಪ್ರೋಗ್ರಾಮ್ ನೇರವಾಗಿ ಪದಗಳನ್ನು ಕೇಳಿ ಪಡೆಯಬಹುದಾದ ಆನ್‌ಲೈನ್ ಸೇವೆ ಅದು. ದಿನಕ್ಕೆ 1,00,000 ವಿನಂತಿಗಳವರೆಗೆ ಕೀ ಬೇಡ, ನೋಂದಣಿ ಬೇಡ. ಉತ್ತರ ನೇರವಾಗಿ ಜೇಸನ್‌ನಲ್ಲಿ (ಪ್ರೋಗ್ರಾಮ್ ಸುಲಭವಾಗಿ ಓದುವ ರೂಪದಲ್ಲಿ) ಬರುತ್ತದೆ, ಪದದ ಜೊತೆ ಒಂದು ಸ್ಕೋರ್ ಇರುತ್ತದೆ. 'ಎಂಎಲ್' (ml) ಪ್ಯಾರಾಮೀಟರ್ ಕೊಟ್ಟರೆ ಹತ್ತಿರದ ಅರ್ಥದ ಪದಗಳೆಲ್ಲ ಬರುತ್ತವೆ. ಇದಕ್ಕೆ ಒಂದೇ ಪದ ಕೊಡಬೇಕು ಅಂತಿಲ್ಲ, 'ರಿಂಗಿಂಗ್ ಇನ್ ದಿ ಇಯರ್ಸ್' ಅಂತ ಪೂರ್ತಿ ಕೊಟ್ಟರೆ 'ಟಿನಿಟಸ್' (ಕಿವಿಯ ಮೊರೆತ) ಹುಡುಕಿಕೊಡುತ್ತದೆ. ನನಗೆ ತುಂಬಾ ಇಷ್ಟವಾದ ಸೌಲಭ್ಯ ಇದು.

ಇಂಟರ್ನೆಟ್ಟೇ ಬೇಡ ಅಂದರೆ ಎನ್‌ಎಲ್‌ಟಿಕೆ ಅನ್ನುವ ಪೈಥಾನ್ ಭಾಷಾ ಲೈಬ್ರರಿಯ ಮೂಲಕ ವರ್ಡ್‌ನೆಟ್ ಅನ್ನುವ ಇಂಗ್ಲಿಷ್ ಪದಜಾಲ ಇಳಿಸಿಕೊಳ್ಳಿ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ಮುಂದಾಳತ್ವದಲ್ಲಿ 1985ರಲ್ಲಿ ಶುರುವಾದ ಕೆಲಸ ಅದು. ಸಮಾನಾರ್ಥಕಗಳ ನಿಜವಾದ ಕಷ್ಟ ಅರ್ಥವಾಗುವುದೂ ಅಲ್ಲೇ. 'ಬ್ಯಾಂಕ್' ಅಂತ ಕೇಳಿ ನೋಡಿ: 18 ಸಿನ್‌ಸೆಟ್‌ಗಳು (ಒಂದೇ ಅರ್ಥದ ಪದಗಳ ಗುಂಪುಗಳು) ಬರುತ್ತವೆ, 10 ನಾಮಪದ, 8 ಕ್ರಿಯಾಪದ, ಮೊದಲನೆಯದು ದುಡ್ಡಿಡುವ ಬ್ಯಾಂಕಲ್ಲ, ನದಿಯ ದಂಡೆ. ಇಷ್ಟನ್ನೂ ಒಂದೇ ಪಟ್ಟಿಗೆ ಸುರಿದರೆ ಬಳಸುವವರಿಗೆ ಏನೂ ಪ್ರಯೋಜನವಿಲ್ಲ. ಹಾಗಾಗಿ ನಿಮ್ಮ ಫಂಕ್ಷನ್ ಅರ್ಥದ ಪ್ರಕಾರ ಗುಂಪು ಮಾಡಿ ಕೊಡಲಿ, ಪ್ರತಿ ಗುಂಪಿನ ಜೊತೆ ವಿವರಣೆಯ ಸಾಲೂ ಇರಲಿ. ನಾಲ್ಕು ಸಾಲು ಕೋಡ್ ಜಾಸ್ತಿ ಆಗುತ್ತದೆ, ಆಗಲಿ.

ಡೇಟಾಮ್ಯೂಸ್ ಆರಿಸಿಕೊಂಡರೆ ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿ) ನೀವೇ ಹಾಕಿ. ಪೈಥಾನ್‌ನಲ್ಲಿ ವೆಬ್ ಪುಟ ತರಿಸುವ ರಿಕ್ವೆಸ್ಟ್ಸ್ ಲೈಬ್ರರಿ ತಾನಾಗಿ ಹಾಕುವುದಿಲ್ಲ, ಸರ್ವರ್ ಸುಮ್ಮನಿದ್ದರೆ ನಿಮ್ಮ ಪ್ರೋಗ್ರಾಮೂ ಕಾಯುತ್ತಾ ಕೂರುತ್ತದೆ. ಒಮ್ಮೆ ಕೇಳಿದ ಪದವನ್ನು ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್‌ನಲ್ಲಿ ಇಟ್ಟುಕೊಳ್ಳಿ. ನೆಟ್‌ವರ್ಕ್ ಕೈಕೊಟ್ಟರೆ ಎಕ್ಸೆಪ್ಷನ್ (ಎರರ್) ಎಸೆಯಿರಿ, ನಿಜವಾಗಿ ಪದ ಸಿಗದಿದ್ದರೆ ಮಾತ್ರ ಖಾಲಿ ಪಟ್ಟಿ.

ಕನ್ನಡಕ್ಕೂ ಬೇಕು ಅಂತ ಕೊನೆಯಲ್ಲಿ ಕೇಳಿದ್ದೀರಿ. ಭಾರತೀಯ ಭಾಷೆಗಳ ವರ್ಡ್‌ನೆಟ್ ಆದ ಐಐಟಿ ಬಾಂಬೆಯ ಇಂಡೋವರ್ಡ್‌ನೆಟ್‌ನಲ್ಲಿ ಕನ್ನಡವೂ ಇದೆ, ಪಿವೈಐಡಬ್ಲ್ಯೂಎನ್ (pyiwn) ಅನ್ನುವ ಪೈಥಾನ್ ಪ್ಯಾಕೇಜಿನಿಂದ ಅದನ್ನು ಓದಬಹುದು. ಆದರೆ 'ಮನೆಯಲ್ಲಿ' ಅಂತ ಕೊಟ್ಟರೆ ಆಗುವುದಿಲ್ಲ, 'ಮನೆ' ಅಂತ ಮೂಲ ಪದವನ್ನೇ ಕೊಡಬೇಕು. ಇನ್ನೊಂದು, 'ಕೋ' ಅಕ್ಷರವನ್ನು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಬೇರೆ ಬೇರೆ. ಹುಡುಕುವ ಮೊದಲು ಎರಡೂ ಕಡೆಯ ಪದಗಳನ್ನು ಎನ್‌ಎಫ್‌ಸಿ (NFC) ಅನ್ನುವ ಒಂದೇ ಯೂನಿಕೋಡ್ ರೂಪಕ್ಕೆ ನಾರ್ಮಲೈಸ್ ಮಾಡಿಬಿಡಿ.