ಪ್ರತಿಕ್ರಿಯೆ: ಒಂದೇ ವೇದಿಕೆಯಲ್ಲಿ ಅರಮನೆ ಮತ್ತು ಗುಡಿಸಲು

24 ಅಡಿ ಅಗಲ, 16 ಅಡಿ ಆಳದ ಕಾಲೇಜು ವೇದಿಕೆಯಲ್ಲಿ ನಡುವೆ ತೆರೆ ಎಳೆಯದೆ ಅರಮನೆಯನ್ನೂ ಗುಡಿಸಲನ್ನೂ ತೋರಿಸುವುದು ಹೇಗೆಂದು ಕೇಳಿದ್ದೀರಿ. ಎರಡು ಸ್ಥಳಗಳಿಗೆ ಎರಡು ರಂಗಸಜ್ಜಿಕೆ ಕಟ್ಟುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ನಮ್ಮ ವೃತ್ತಿ ನಾಟಕ ಕಂಪನಿಗಳು ದರ್ಬಾರು, ಬೀದಿ, ಕಾಡುಗಳನ್ನು ಚಿತ್ರಿಸಿದ ಪರದೆಗಳಿಂದ ದೃಶ್ಯ ಬದಲಿಸುತ್ತಿದ್ದವು; ಅದರ ಸೊಗಸು ದೊಡ್ಡದೇ. ಆದರೆ ಚಪ್ಪಟೆ ಚಿತ್ರದ ಮುಂದೆ ನಟನ ಜೀವಂತ ದೇಹ ಹೊಂದುವುದಿಲ್ಲವೆಂದು ವಾದಿಸಿ, ಮೆಟ್ಟಿಲು, ಜಗಲಿ, ಬೆಳಕುಗಳನ್ನೇ ನೆಚ್ಚಿದ ಸ್ವಿಟ್ಜರ್‌ಲೆಂಡಿನ ರಂಗವಿನ್ಯಾಸಕ ಅಡಾಲ್ಫ್ ಆಪಿಯಾ ಅವರ ದಾರಿ ನಿಮಗೆ ಹೆಚ್ಚು ಒದಗುತ್ತದೆ.

ಮೊದಲು ಒಂದು ಅಡಿಗೆ ಅರ್ಧ ಇಂಚಿನಂತೆ ರಟ್ಟಿನಲ್ಲಿ ಮಾದರಿ ಮಾಡಿ. ಇಡೀ ವೇದಿಕೆ 12 ಇಂಚು ಅಗಲ, 8 ಇಂಚು ಆಳಕ್ಕೆ ಇಳಿಯುತ್ತದೆ. ಅದೇ ಅಳತೆಯ ಮೂರು ಇಂಚಿನ ರಟ್ಟಿನ ಮನುಷ್ಯನನ್ನು ಅದರಲ್ಲಿ ನಿಲ್ಲಿಸಿ ನೋಡಿದರೆ, ಕಾಗದದ ಮೇಲೆ ಭವ್ಯವಾಗಿದ್ದ ಕಂಬ ನಟನನ್ನು ಹೇಗೆ ನುಂಗುತ್ತದೆಂಬುದು ತಕ್ಷಣ ತಿಳಿಯುತ್ತದೆ. ಹಿಂಬದಿಯಲ್ಲಿ ಒಂದೂವರೆ ಅಡಿ ಎತ್ತರದ ಒಂದು ಜಗಲಿ ಸಾಕು: ರಾಜ ಅದರ ಮೇಲೆ ನಿಂತಾಗ ಅದು ಸಿಂಹಾಸನದ ನೆಲೆ, ಮುದುಕಿ ಅದರ ಅಂಚಿನಲ್ಲಿ ಕುಳಿತು ಅಕ್ಕಿ ಆರಿಸುವಾಗ ಅದೇ ಗುಡಿಸಲಿನ ಕಟ್ಟೆ. ಉಳಿದದ್ದನ್ನು ಬೆಳಕು ಮಾಡಲಿ.

ಮೊದಲ ಸಾಲಿನ ಎರಡೂ ತುದಿಯ ಕುರ್ಚಿಗಳಲ್ಲಿ ಕುಳಿತು ಏನು ಮರೆಯಾಗುತ್ತದೆಂದು ನೋಡದೆ ಮೊಳೆ ಹೊಡೆಯಬೇಡಿ. ಬಣ್ಣವನ್ನೂ ಹಗಲಿನಲ್ಲಲ್ಲ, ಪ್ರದರ್ಶನದ ದೀಪದ ಕೆಳಗೇ ಆರಿಸಿಕೊಳ್ಳಿ.