ಮೀಟರ್ ಮುಳ್ಳು ಕುಣಿದರೆ ಮೊದಲು ಕೇಬಲ್ ನೋಡಿ

ನಿಮ್ಮ ಹಳೆಯ ಪಿಕಪ್‌ನ ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತದೆ, ಆಗಾಗ ಸೊನ್ನೆಗೆ ಬೀಳುತ್ತದೆ, ಭೋಸರಿಯ ಮೆಕ್ಯಾನಿಕ್ ಪೂರ್ತಿ ಮೀಟರ್ ಬದಲಿಸಿ ಅಂತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಈಗಲೇ ಮೀಟರ್ ಕೊಳ್ಳಬೇಡಿ. ನಾನೂ ಪುಣೆಯಲ್ಲಿ ಹಳೆಯ ಪಿಕಪ್ ಓಡಿಸುವವನು. ಇಂಥದ್ದು ಜಾಸ್ತಿ ಸಲ ಕೇಬಲ್‌ನ ತೊಂದರೆಯೇ ಆಗಿರುತ್ತದೆ.

ಸೆನ್ಸರ್ ಇಲ್ಲದ ಹಳೆಯ ಗಾಡಿಯಲ್ಲಿ ಗೇರ್ ಬಾಕ್ಸ್‌ನಿಂದ ಮೀಟರ್ ಹಿಂಭಾಗಕ್ಕೆ ಒಂದು ಕೇಬಲ್ ಬರುತ್ತದೆ. ಅದರೊಳಗಿನ ತಂತಿ ಮೀಟರ್‌ನ ಆಯಸ್ಕಾಂತವನ್ನು ತಿರುಗಿಸುತ್ತದೆ. ಆಯಸ್ಕಾಂತದ ಸೆಳೆತಕ್ಕೆ ಮುಳ್ಳು ಏಳುತ್ತದೆ, ಸಣ್ಣ ಸ್ಪ್ರಿಂಗ್ ಅದನ್ನು ಹಿಡಿದಿಡುತ್ತದೆ. ಕಿಲೋಮೀಟರ್ ಅಂಕಿ ಓಡುವುದೂ ಇದೇ ತಂತಿಯಿಂದ. ಹಾಗಾಗಿ ಅಂಕಿ ಸರಿಯಾಗಿ ಓಡುತ್ತಿದ್ದು ಮುಳ್ಳು ಮಾತ್ರ ಸತ್ತಿದ್ದರೆ ಮೀಟರ್ ಮೇಲೆ ಅನುಮಾನ ಪಡಿ. ಎರಡೂ ನಿಂತಿದ್ದರೆ ಮೊದಲು ಕೇಬಲ್, ಆಮೇಲೆ ಗೇರ್ ಬಾಕ್ಸ್ ಕಡೆಯ ಪುಟ್ಟ ಗೇರ್ ನೋಡಬೇಕು. ನಿಮ್ಮ ಹಾಗೆ ಮುಳ್ಳು ಕುಣಿಯುತ್ತಿದ್ದರೆ ಗ್ರೀಸ್ ಒಣಗಿರುತ್ತದೆ, ಇಲ್ಲವೇ ಕೇಬಲ್ ಎಲ್ಲೋ ಮಡಚಿರುತ್ತದೆ. ತಂತಿ ಸಿಕ್ಕಿಕೊಂಡು ಹುರಿಗೊಳ್ಳುತ್ತದೆ, ಆಮೇಲೆ ಸಟ್ಟನೆ ಬಿಚ್ಚಿಕೊಳ್ಳುತ್ತದೆ.

ಮೀಟರ್ ಕಡೆಯ ತುದಿ ಬಿಚ್ಚಿ ಒಳತಂತಿ ಎಳೆಯಿರಿ. ಪೂರ್ತಿ ಬರದೆ ತುಂಡು ಬಂದರೆ ಉತ್ತರ ಸಿಕ್ಕಿತು ಅಲ್ವಾ! ಪೂರ್ತಿ ಬಂದರೆ ಚೌಕದ ತುದಿಗಳು ಸವೆದು ದುಂಡಗಾಗಿವೆಯೇ ನೋಡಿ. ಎಳೆ ಬಿಟ್ಟಿದೆಯೇ ಅಂತ ಬೆರಳು ಸವರಿ ನೋಡಬೇಡಿ, ಚುಚ್ಚುತ್ತದೆ. ಬಟ್ಟೆಯಿಂದ ಒರೆಸಿ. ಚೆನ್ನಾಗಿದ್ದರೆ ತೆಳುವಾಗಿ ಗ್ರೀಸ್ ಸವರಿ ಹಾಕಿ, ಮೀಟರ್ ಕಡೆಯ ಒಂದು ಗೇಣಿಗೆ ಮಾತ್ರ ಗ್ರೀಸ್ ಹಚ್ಚಬೇಡಿ. ಗ್ರೀಸ್ ಮೇಲೆ ಹತ್ತಿದರೆ ಮೀಟರ್ ಹಾಳಾಗುತ್ತದೆ. ತಂತಿಗೆ ಗೇರ್ ಆಯಿಲ್ ಮೆತ್ತಿಕೊಂಡಿದ್ದರೆ ಗೇರ್ ಬಾಕ್ಸ್ ಕಡೆಯ ಆಯಿಲ್ ಸೀಲ್ ಹೋಗಿರುತ್ತದೆ. ಅದನ್ನೂ ಹಾಕಿಸಿ, ಇಲ್ಲದಿದ್ದರೆ ಹೊಸ ಕೇಬಲ್‌ಗೂ ಅದೇ ಗತಿ.

ಹೊಸದು ಬೇಕಾದರೆ ಹಳೆಯದನ್ನು ಕೈಯಲ್ಲೇ ಹಿಡಿದು ನಾನಾ ಪೇಠ್‌ನ ಸ್ಪೇರ್ ಪಾರ್ಟ್ಸ್ ಅಂಗಡಿಗಳಿಗೆ ಹೋಗಿ. ಉದ್ದ, ಎರಡೂ ತುದಿ ಪಕ್ಕಪಕ್ಕ ಇಟ್ಟು ಹೋಲಿಸಿ. ಕೂರಿಸುವಾಗ ಎಲ್ಲೂ ಬಿಗಿಯಾಗಿ ಬಗ್ಗಿಸಬೇಡಿ, ಸೈಲೆನ್ಸರ್ ಪೈಪಿಗೆ ತಾಗಿಸಬೇಡಿ.

ಸುಮ್ನೆ ಮುಂದೂಡಬೇಡಿ. ಪಾಸಿಂಗ್‌ನಲ್ಲಿ, ಅಂದರೆ ಗಾಡಿಯ ಫಿಟ್‌ನೆಸ್ ತಪಾಸಣೆಯಲ್ಲಿ, ಸ್ಪೀಡೋಮೀಟರನ್ನೂ ನೋಡುತ್ತಾರೆ. ಅದಕ್ಕಿಂತ ನನಗೆ ಹೆದರಿಕೆ ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಗೆ ಇಳಿಯುವ ರಸ್ತೆಯದು. ಅಲ್ಲಿ ಎಷ್ಟೋ ಜನ ಸತ್ತಿದ್ದಾರೆ. ಲೋಡ್ ತುಂಬಿದ ಗಾಡಿ ಆ ಇಳಿಜಾರಿನಲ್ಲಿ ಗೊತ್ತೇ ಆಗದಂತೆ ವೇಗ ಹಿಡಿಯುತ್ತದೆ. ರಿಪೇರಿ ಆಗುವವರೆಗೆ ಫೋನಿನ ಜಿಪಿಎಸ್ ಸ್ಪೀಡ್ ಕಣ್ಣಿಗೆ ಕಾಣುವ ಹಾಗೆ ಸ್ಟ್ಯಾಂಡಿನಲ್ಲಿಡಿ, ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರಿಗೆ ಬನ್ನಿ.