ಕೋರಿಯನ್ನು ನೋಡುವ ಮೊದಲು ಎರ್ಲಡ್ಡು

ಸಿರುಗುಪ್ಪ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ಬರುವ ಏಪ್ರಿಲ್‌ನಲ್ಲಿ ಪತ್ನೀಸಮೇತನಾಗಿ ಪಕ್ಷಿವೀಕ್ಷಣೆಗೆ ಕೀನ್ಯಾಕ್ಕೆ ಹೋಗಬೇಕೆಂದಿದ್ದೇನೆ. ಒಂಬತ್ತು ದಿನ, ಆರು ತಾಣ. ನಕುರು ಸರೋವರದ ರಾಜಹಂಸಗಳನ್ನೂ ಮಸಾಯಿ ಮಾರಾದ ಕೋರಿ ಬಸ್ಟರ್ಡ್ ಎಂಬ ದೊಡ್ಡ ನೆಲಹಕ್ಕಿಯನ್ನೂ ನೋಡುವುದು ಬಹುದಿನದ ಆಸೆ. ನಮ್ಮ ಕಡೆ ಎರೆಹೊಲ, ಜಾಲಿ ಬಿಟ್ಟರೆ ನೋಡಲಿಕ್ಕೆ ಏನಿದೆ? ತಮ್ಮ ಸಲಹೆ ಬೇಕು.’

ಮಾಸ್ತರರೇ,

ಅವಶ್ಯವಾಗಿ ಹೋಗಿ ಬನ್ನಿ. ಸುಮಾರು 1,100 ಜಾತಿಯ ಹಕ್ಕಿಗಳಿರುವ ನಾಡು ಅದು. ಜೀವಮಾನವೆಲ್ಲ ಮಕ್ಕಳಿಗೆ ಭೂಗೋಳ ಹೇಳಿದವರು ಬಿರುಕು ಕಣಿವೆಯನ್ನು (ರಿಫ್ಟ್ ವ್ಯಾಲಿ) ಕಣ್ಣಾರೆ ಕಾಣಬೇಕೆನ್ನುವುದು ನ್ಯಾಯವಾದ ಆಸೆ. ಆದರೆ ಏಪ್ರಿಲ್ ಬೇಡ. ಮಾರ್ಚಿಯಿಂದ ಮೇ ತನಕ ಅಲ್ಲಿ ದೊಡ್ಡ ಮಳೆಗಾಲ, ಮಣ್ಣಿನ ದಾರಿಗಳು ಕೆಸರಾಗುತ್ತವೆ. ಜನವರಿ, ಫೆಬ್ರವರಿಯಲ್ಲಿ ಹೋದರೆ ಯುರೋಪು, ಏಷ್ಯಾಗಳಿಂದ ಬಂದ ವಲಸೆ ಹಕ್ಕಿಗಳೂ ಸಿಗುತ್ತವೆ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲೇ ಸರಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರ ಪಡೆಯಿರಿ; ಅದಿಲ್ಲದೆ ಮರಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇನ್ನು ನಕುರುವಿನ ರಾಜಹಂಸಗಳು. ನೀವು ನೋಡಿರುವ ಗುಲಾಬಿ ಬಣ್ಣದ ಚಿತ್ರಗಳು ಹಳೆಯವಿರಬೇಕು. ಕಳೆದ ಒಂದೂವರೆ ದಶಕದಲ್ಲಿ ಆ ಸರೋವರ ಏರಿ ನೀರಿನ ಉಪ್ಪು ತೆಳುವಾಯಿತು, ಹಕ್ಕಿಗಳು ತಿನ್ನುವ ಪಾಚಿ ಕುಗ್ಗಿತು, ಹಿಂಡುಗಳು ಬಹುಮಟ್ಟಿಗೆ ಬೊಗೋರಿಯಾ ಸರೋವರದತ್ತ ಸರಿದವು. ಬೊಗೋರಿಯಾ, ಅದರ ಪಕ್ಕದ ಬಾರಿಂಗೋ, ಮಾರಾ, ಈ ಮೂರನ್ನು ಇಟ್ಟುಕೊಂಡು ಉಳಿದ ಮೂರನ್ನು ಕೈಬಿಡಿ. ಆರು ತಾಣ ಎಂದರೆ ಒಂಬತ್ತು ದಿನದ ಅರ್ಧವನ್ನು ವಾಹನದೊಳಗೇ ಕಳೆದಂತೆ.

ನಿಮ್ಮ ಕೊನೆಯ ಪ್ರಶ್ನೆ ಮಾತ್ರ ನನ್ನನ್ನು ಎರಡು ದಿನ ಕಾಡಿತು. ಹದಿನೆಂಟು ಕಿಲೊ ತೂಗಬಲ್ಲ ಕೋರಿಯನ್ನು ನೋಡಲು ಸಮುದ್ರ ದಾಟಿ ಹೋಗುವವರು ನೀವು. ಅದರ ದಾಯಾದಿ, ಹದಿನೈದು ಕಿಲೊದವರೆಗೆ ತೂಗುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್), ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ನಿಮ್ಮದೇ ತಾಲ್ಲೂಕಿನ ಎರೆಹೊಲಗಳಲ್ಲಿ. ಪಕ್ಷಿತಜ್ಞ ಸಲೀಂ ಅಲಿಯವರು ರಾಷ್ಟ್ರಪಕ್ಷಿಯಾಗಬೇಕೆಂದು ಬಯಸಿದ್ದ ಹಕ್ಕಿ ಇದು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ರಾಣೆಬೆನ್ನೂರಿನ ಅಭಯಾರಣ್ಯಕ್ಕೆ ಹೆಸರು ತಂದ ಹಕ್ಕಿಯೂ ಇದೇ. ಈಗ ಅಲ್ಲಿ ಅದು ಇಲ್ಲ.

ಬಹಳ ವರ್ಷಗಳ ಹಿಂದೆ, ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ, ನಿಮ್ಮ ಭಾಗದ ಒಬ್ಬ ಹಿರಿಯ ಕುರಿಗಾಹಿಯ ಜೊತೆ ನಸುಕಿನಲ್ಲಿ ಹೊಲಕ್ಕೆ ಹೋಗಿದ್ದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಮೊಟ್ಟೆಯಿಡುವ ಕಾಲದಲ್ಲಿ ಕ್ಯಾಮೆರಾ ಹೊತ್ತ ನಾಲ್ಕು ಜನ ನುಗ್ಗಿದರೂ ಸಾಕು, ನೆಲದ ಮೇಲೆ ಬಯಲಿನಲ್ಲಿಟ್ಟ ಒಂದೇ ಒಂದು ಮೊಟ್ಟೆಯನ್ನು ತಾಯಿ ಬಿಟ್ಟುಹೋಗಬಹುದು. ಚಪ್ಪಲಿಗೆ ಎರೆ ಮೆತ್ತಿ ಹೆಜ್ಜೆ ಎತ್ತುವುದೇ ಕಷ್ಟವಾಗಿತ್ತು. ಹಿರಿಯರು ಬದುವಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಕೋಲಿನ ತುದಿಯಿಂದ ಒಂದು ಗುರುತನ್ನು ತೋರಿಸಿದರು. ಹಸಿ ಮಣ್ಣಿನಲ್ಲಿ ಅಚ್ಚೊತ್ತಿದಂತೆ ಮೂರು ದಪ್ಪ ಬೆರಳು, ಮೂರೂ ಮುಂದಕ್ಕೆ. ‘ಹಿಂದಿನ ಬೆರಳ ಇಲ್ಲ ನೋಡ್ರಿ. ಗಿಡ ಹಿಡದು ಕೂಡೂ ಹಕ್ಕಿ ಅಲ್ಲ ಇದು, ನೆಲದ ಮ್ಯಾಲೆ ನಡಿಯೂ ಹಕ್ಕಿ’ ಎಂದರು. ಆ ದಿನ ಹಕ್ಕಿ ಕಾಣಲಿಲ್ಲ. ಮೂರನೆಯ ಬೆಳಿಗ್ಗೆ ದೂರದ ಹುಲ್ಲಿನ ಮೇಲೆ ಕಪ್ಪು ನೆತ್ತಿಯ ಒಂದು ಬಿಳಿ ಕೊರಳು ಎದ್ದು ನಿಂತಿತು. ಹಿರಿಯರು ತಲೆಯ ರುಮಾಲನ್ನು ಬಿಚ್ಚಿ ಕೈಯಲ್ಲಿ ಹಿಡಿದರು, ನಾವಿಬ್ಬರೂ ಮಾತಾಡಲಿಲ್ಲ.

ಜಾಲಿಯನ್ನೂ ನೀವು ಹಗುರವಾಗಿ ಕಂಡಿರಿ. ಹೊರದೇಶದಿಂದ ಬಂದು ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಬೇರೆ, ನಮ್ಮ ಕರಿಜಾಲಿ ಬೇರೆ. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರ ಕೆರೆಯಲ್ಲಿ, ನೀರಿನ ನಡುವೆ ನಿಂತ ಕರಿಜಾಲಿಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ನೂರು ಹೆಕ್ಟೇರಿಗೂ ಕಡಿಮೆಯಿರುವ ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು. ದರೋಜಿಯ ಬಂಡೆಗಲ್ಲುಗಳ ನಡುವೆ ಕಾಣುವ ಹಳದಿ ಕೊರಳಿನ ಪಿಕಳಾರ ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದನ್ನು ನೋಡಲೆಂದೇ ಹೊರದೇಶದವರು ಇಲ್ಲಿಗೆ ಬರುತ್ತಾರೆ. ಇವೆಲ್ಲ ನಿಮ್ಮಿಂದ ಅರ್ಧ ದಿನದ ದಾರಿ.

‘ನೋಡಲಿಕ್ಕೆ ಏನಿದೆ’ ಎಂಬ ಮಾತು ನಿಮ್ಮೊಬ್ಬರದಲ್ಲ ಎಂಬುದೇ ನನ್ನ ಸಂಕಟ. ಸರಕಾರಿ ದಾಖಲೆಗಳೂ ಹುಲ್ಲುಗಾವಲನ್ನು ಬಹುಕಾಲದಿಂದ ಪಾಳುಭೂಮಿಯ ಲೆಕ್ಕದಲ್ಲಿ ಬರೆಯುತ್ತ ಬಂದಿವೆ. ಕಾಡು ಕಡಿದರೆ ಕೂಗೆಬ್ಬಿಸುವ ನಾವು ಹುಲ್ಲು ಹರಗಿದರೆ ‘ಅಭಿವೃದ್ಧಿಯಾಯಿತು’ ಎನ್ನುತ್ತೇವೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿರುಗುಪ್ಪ ಭತ್ತದ ಕಣಜವಾಯಿತು. ಅನ್ನ ತಂದ ನೀರನ್ನು ನಾನು ದೂರುವವನಲ್ಲ. ಆದರೆ ಉಳಿದ ಒಣ ಎರೆಯ ಮೇಲೂ ಗಾಳಿಯಂತ್ರ, ಸೌರ ಫಲಕ, ವಿದ್ಯುತ್ ತಂತಿ ಹಬ್ಬುತ್ತಿದ್ದರೆ ಈ ಹಕ್ಕಿ ಎಲ್ಲಿಗೆ ಹೋಗಬೇಕು? ಅದರ ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಿ, ನೇರ ಎದುರಿನ ತಂತಿ ಸರಿಯಾಗಿ ಕಾಣುವುದಿಲ್ಲ. ಕಂಡರೂ ಅಷ್ಟು ಭಾರದ ಮೈಯನ್ನು ಥಟ್ಟನೆ ತಿರುಗಿಸಲಾಗದು. ತಂತಿಗಳನ್ನು ನೆಲದಡಿ ಹಾಕಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದ್ದು ರಾಜಸ್ಥಾನ, ಗುಜರಾತುಗಳಿಗೆ. 2024ರಲ್ಲಿ ಅದೂ ಸಡಿಲವಾಯಿತು. ಸಿರುಗುಪ್ಪದ ಪರವಾಗಿ ಕೇಳುವವರು ಸಿರುಗುಪ್ಪದವರೇ ಆಗಬೇಕಲ್ಲವೇ, ಮಾಸ್ತರರೇ?

ಹಾಗಾಗಿ ಮಾರಾಕ್ಕೆ ಹೋದಾಗ ನನಗಾಗಿ ಒಂದು ಕೆಲಸ ಮಾಡಿ. ಅಭಯಾರಣ್ಯದ ಅಂಚಿನಲ್ಲಿ ಮಸಾಯಿ ದನಗಾಹಿಗಳು ತಮ್ಮ ಜಮೀನುಗಳನ್ನು ಒಟ್ಟುಗೂಡಿಸಿ ವನ್ಯಜೀವಿಗಳಿಗೆ ಬಿಟ್ಟಿದ್ದಾರೆ; ಪ್ರವಾಸೋದ್ಯಮದವರು ಅದಕ್ಕೆ ಗುತ್ತಿಗೆ ಹಣ ಕೊಡುತ್ತಾರೆ. ಆ ಹಣ ಯಾರ ಕೈಗೆ ಹೇಗೆ ತಲುಪುತ್ತದೆ, ದನ ಮೇಯಿಸಲು ಏನು ಕಟ್ಟುಪಾಡು ಇದೆ ಎಂಬುದನ್ನು ಅವರನ್ನೇ ಕೇಳಿ ಬರೆದುಕೊಂಡು ಬನ್ನಿ. ನಮ್ಮ ಕುರಿಗಾಹಿಗಳೊಡನೆ ಕೂತು ಅದನ್ನು ಓದೋಣ. ಹೊರಡುವ ಮುಂಚೆ ಒಂದು ವಾರ ನಿಮ್ಮೂರಿನ ಎರೆಯಲ್ಲಿ ನಸುಕಿಗೆದ್ದು ನಡೆಯಿರಿ. ಮೂರು ಬೆರಳಿನ ಗುರುತು ಸಿಕ್ಕರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಬರೆದುಕೊಳ್ಳಿ. ಕೋರಿಯ ಹೆಜ್ಜೆಯನ್ನೂ ಹಾಗೆಯೇ ಅಳೆದು ತನ್ನಿ. ಎರಡನ್ನೂ ಒಂದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.

— ಸಂಪಾದಕ, ಬಳ್ಳಾರಿ